ಪಂಚಾಶದ್ರೂಪಾಯಿ ಮೀಮಾಂಸೆ

ಅರ್ಥಾತ್, ರೊಕ್ಕ ಕೊಟ್ಟು ಕ್ರಿಪ್ಟೊ ಕಲಿಸುವ ಶಾಸ್ತ್ರದ ಮೇಲೆ ಅಣ್ಣಿಗೇರಿಯ ಆಧಾರಗಳೊಂದಿಗೆ ರಚಿಸಿದ ಅಲ್ಪ ಪ್ರಬಂಧ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥ ಯಾವುದೇ ಇರಲಿ, ಅನುಬಂಧ ಚತುಷ್ಟಯದಿಂದ ಆರಂಭವಾಗಬೇಕು ಎಂಬುದು ಹಿರಿಯರ ಕಟ್ಟಳೆ. ವಿಷಯ ಯಾವುದು, ಓದಲು ಅಧಿಕಾರಿ ಯಾರು, ಓದಿದರೆ ಪ್ರಯೋಜನವೇನು, ಇವುಗಳಿಗೆ ಪರಸ್ಪರ ಸಂಬಂಧವೇನು ಎಂಬ ನಾಲ್ಕನ್ನು ಮೊದಲೇ ಹೇಳಿಬಿಡದಿದ್ದರೆ ಓದುಗ ಎದ್ದು ಹೋಗಿಬಿಡುತ್ತಾನೆ. ನಮ್ಮ ವಿಷಯ: ಕ್ರಿಪ್ಟೊ ಕರೆನ್ಸಿ ಎಂಬ ಕಣ್ಣಿಗೆ ಕಾಣದ ನಾಣ್ಯದ ಬಗ್ಗೆ ಮೊಬೈಲಿನಲ್ಲಿ ಪುಟ್ಟ ವಿಡಿಯೊ ನೋಡಿ, ಒಂದೆರಡು ಪ್ರಶ್ನೆಗೆ ಉತ್ತರ ಒತ್ತಿ, ಐವತ್ತು ರೂಪಾಯಿ ಬೆಲೆಯ ಅದೇ ನಾಣ್ಯವನ್ನು ಬಹುಮಾನವಾಗಿ ಪಡೆಯುವ ವಿದ್ಯಾಪದ್ಧತಿ. ಪ್ರಯೋಜನ: ಐವತ್ತು ರೂಪಾಯಿ. ಅಧಿಕಾರಿ: ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕು ಮತ್ತು ಮುಂಬದಿಯ ಕ್ಯಾಮೆರಾ ಉಳ್ಳವನು. ಸಂಬಂಧ ಮಾತ್ರ ಹುಡುಕಿದರೂ ಸಿಗಲಿಲ್ಲ. ಈ ಪ್ರಬಂಧ ಹುಟ್ಟಿದ್ದು ಆ ಕೊರತೆಯಿಂದ.

ಕ್ಷೇತ್ರ ನಿರ್ಣಯ

ಇಂಥ ಗಹನ ವಿಷಯಕ್ಕೆ ಅಣ್ಣಿಗೇರಿಯೇ ಏಕೆ ಎಂದು ಕೆಲವರು ಕೇಳಿದ್ದಾರೆ. ಕೇಳಿದವರು ಬೆಂಗಳೂರಿನವರು, ಆದ್ದರಿಂದ ಕ್ಷಮೆಗೆ ಅರ್ಹರು. ಅಣ್ಣಿಗೇರಿ ಒಂದು ಕಾಲಕ್ಕೆ ಬೆಳ್ವೊಲ ಮುನ್ನೂರರ ರಾಜಧಾನಿ. ಕಲ್ಯಾಣ ಚಾಲುಕ್ಯರ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರ ತನ್ನ ಕಷ್ಟಕಾಲದಲ್ಲಿ ಕೆಲವು ವರ್ಷ ಆಳಿದ್ದು ಇಲ್ಲಿಂದಲೇ. ಅಮೃತೇಶ್ವರನ ಗುಡಿಯ 76 ಕಂಬಗಳು ಸಿರಿವಂತಿಕೆ ಬಂದದ್ದನ್ನೂ ನೋಡಿವೆ, ಹೋದದ್ದನ್ನೂ ನೋಡಿವೆ. ಏರಿದ್ದು ಇಳಿಯುತ್ತದೆ ಎಂಬ ಪಾಠಕ್ಕೆ ಈ ಊರು ಯಾರ ಬಳಿಯೂ ಟ್ಯೂಶನ್ನಿಗೆ ಹೋಗಬೇಕಾಗಿಲ್ಲ.

ಈಗಿನ ಊರೂ ಆ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ಎರೆ ಹೊಲ, ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೊತೆಗೆ ಹತ್ತಿ, ಮೆಣಸಿನಕಾಯಿ. ಹೆಸರು ಬಿತ್ತುವ ರೈತನಿಗೆ ಕಾಯಿ ಬಿಡಿಸುವ ಹೊತ್ತಿಗೆ ಜಡಿಮಳೆ ಹಿಡಿದೀತೋ ಇಲ್ಲವೋ ಗೊತ್ತಿಲ್ಲ, ಬಿಡಿಸಿದ್ದಕ್ಕೆ ಯಾವ ರೇಟು ಸಿಕ್ಕೀತೋ ಅದೂ ಗೊತ್ತಿಲ್ಲ. 2025–26ರ ಹಂಗಾಮಿಗೆ ಕೇಂದ್ರ ಸರಕಾರ ಹೆಸರುಕಾಳಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ. ಖರೀದಿ ಕೇಂದ್ರ ಬಾಗಿಲು ತೆರೆಯುವ ಮೊದಲೇ ಸಾಲದವನ ಕಾಟಕ್ಕೆ ಮಾರಿಬಿಟ್ಟವನಿಗೆ ಆ ಅಂಕಿ ಪೇಪರಿನಲ್ಲಿ ಓದಿಕೊಳ್ಳಲಷ್ಟೇ ಉಪಯೋಗ. ಬೆಲೆಯ ಏರಿಳಿತವನ್ನು ಇಷ್ಟು ತಲೆಮಾರುಗಳಿಂದ, ಅದೂ ಕೈಯಿಂದ ಖರ್ಚು ಹಾಕಿಕೊಂಡು ಅಭ್ಯಾಸ ಮಾಡಿದ ಜನಕ್ಕೆ ಅಸ್ಥಿರತೆ ಎಂದರೇನು ಎಂದು ಪುಟ್ಟ ವಿಡಿಯೊದಲ್ಲಿ ಕಲಿಸಿ, ಮೇಲೆ ಐವತ್ತು ರೂಪಾಯಿಯನ್ನೂ ಕೊಡಲು ಹೊರಟವರ ಧೈರ್ಯವನ್ನು ಪ್ರಬಂಧಕಾರ ಮೊದಲಿಗೇ ಮೆಚ್ಚಿಕೊಳ್ಳುತ್ತಾನೆ.

ಪ್ರಾಚೀನಕಾಂಡ

ವಿದ್ಯೆಗೆ ಬಹುಮಾನ ಎಂಬ ತತ್ತ್ವ ಅಮೆರಿಕದಲ್ಲಿ ಹುಟ್ಟಿತು ಎನ್ನುವವರು ಪಂಪನನ್ನು ಮರೆತಿದ್ದಾರೆ. ಪಂಪನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಗಳಲ್ಲಿ ಕೆತ್ತಿಸಿದ ಶಾಸನ, ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು ಎಂದು ಸಾರುತ್ತದೆ. ಕ್ರಿ.ಶ. 902ರಲ್ಲಿ ಹುಟ್ಟಿದ ಪಂಪ ಮೂವತ್ತೊಂಬತ್ತನೆಯ ವಯಸ್ಸಿಗೆ, ಅಂದರೆ 941ರಲ್ಲಿ, ಆದಿಪುರಾಣ ಮುಗಿಸಿದ. ಆಮೇಲೆ ವಿಕ್ರಮಾರ್ಜುನ ವಿಜಯ ಬರೆದು ವೇಮುಲವಾಡದ ಅರಿಕೇಸರಿಯಿಂದ ಧರ್ಮಪುರ ಎಂಬ ಅಗ್ರಹಾರವನ್ನೇ ಪಡೆದ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು ಕ್ರಮ: ಪಂಪ ಮೊದಲು ಬರೆದ, ಆಮೇಲೆ ಪಡೆದ. ಅರಿಕೇಸರಿ ಒಂದು ವಿಡಿಯೊ ತೋರಿಸಿ, "ಕೆಳಗಿನವರಲ್ಲಿ ಸಾಮಂತಚೂಡಾಮಣಿ ಯಾರು?" ಎಂದು ಪ್ರಶ್ನೆ ಕೇಳಿ ಅಗ್ರಹಾರ ಹಂಚಿದ ದಾಖಲೆ ಇಲ್ಲ. ದುಡಿದದ್ದಕ್ಕೆ ಪುರಾವೆ ತೋರಿಸಿದವನಿಗೇ ನಾಣ್ಯ ಎಂಬ ಬಿಟ್‌ಕಾಯಿನ್ನಿನ ಮೂಲಸೂತ್ರವನ್ನು ಹತ್ತನೆಯ ಶತಮಾನದಲ್ಲೇ ಪಾಲಿಸಿದವರು ನಮ್ಮವರು ಎಂದು ಇಲ್ಲಿ ಹೆಮ್ಮೆಪಡಲು ಅವಕಾಶವಿದೆ, ಪ್ರಬಂಧಕಾರ ಪಟ್ಟಿದ್ದಾನೆ. ಎರಡನೆಯದು ಇನ್ನೂ ಸೂಕ್ಷ್ಮ. ವಿಕ್ರಮಾರ್ಜುನ ವಿಜಯ, ಇಂದಿನ ಪರಿಭಾಷೆಯಲ್ಲಿ, ಪ್ರಾಯೋಜಿತ ಕೃತಿ. ರೊಕ್ಕ ಕೊಟ್ಟ ಅರಿಕೇಸರಿಯೇ ಅದರಲ್ಲಿ ಅರ್ಜುನ. ಆದರೂ ಪಂಪ ಕರ್ಣನ ಹಿರಿಮೆಯನ್ನು ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಪ್ರಾಯೋಜಕನ ಎದುರಾಳಿಯನ್ನೇ ಮನಸಾರೆ ಹೊಗಳಿದ. ಕಲಿಕೆಗೆ ಕಾಸು ಕೊಡುವ ಈಗಿನ ವಿಡಿಯೊಗಳನ್ನು ಪ್ರಬಂಧಕಾರ ತಾಳ್ಮೆಯಿಂದ ನೋಡಿದ್ದಾನೆ. ಅವುಗಳಲ್ಲಿ ಅರ್ಜುನರು ಬೇಕಾದಷ್ಟಿದ್ದಾರೆ. ಕರ್ಣ ಒಬ್ಬನೂ ಸಿಗಲಿಲ್ಲ.

ಪ್ರಸಂಗವಶಾತ್ ಬ್ಲಾಕ್‌ಚೈನ್ ಎಂಬುದನ್ನೂ ಇಲ್ಲೇ ವಿವರಿಸಿಬಿಡಬಹುದು. ಅದೊಂದು ಲೆಕ್ಕದ ಪುಸ್ತಕ. ಪ್ರತಿ ಪುಟವೂ ಹಿಂದಿನ ಪುಟದ ಗುರುತನ್ನು ತನ್ನೊಳಗೆ ಹೊಲಿದುಕೊಂಡಿರುತ್ತದೆ. ಪುಸ್ತಕದ ಪ್ರತಿಗಳು ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತವೆ. ಒಂದು ಸಾಲು ತಿದ್ದಬೇಕೆಂದರೆ ಮುಂದಿನದ್ದನ್ನೆಲ್ಲ, ಎಲ್ಲರ ಮನೆಯಲ್ಲೂ, ತಿದ್ದಬೇಕು. ನಮ್ಮ ಶಾಸನಕಾರರ ಬಳಿ ಇದ್ದದ್ದು ಒಂದೇ ಪ್ರತಿ, ಅದೂ ಕಲ್ಲಿನದು. ಆದ್ದರಿಂದ ಅವರು ಭದ್ರತೆಯನ್ನು ಬೇರೆ ರೀತಿ ಸಾಧಿಸಿದರು: ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಎಂದು ಕೊನೆಯಲ್ಲಿ ಕೆತ್ತಿಸಿದರು. ವಿದ್ಯುತ್ ಖರ್ಚು ಇಲ್ಲ.

ಓದುಗನಿಗೇ ನೇರವಾಗಿ ಬಹುಮಾನ ಕೊಡುವ ಪದ್ಧತಿಯೂ ನಮ್ಮಲ್ಲಿತ್ತು. ಅದಕ್ಕೆ ಫಲಶ್ರುತಿ ಎಂದು ಹೆಸರು. ಪುರಾಣ ಓದಿದವರಿಗೂ ಕೇಳಿದವರಿಗೂ ಧನ, ಧಾನ್ಯ, ಸಂತಾನ. ವಿತರಣೆ ಬಹುಮಟ್ಟಿಗೆ ಮುಂದಿನ ಜನ್ಮದಲ್ಲಿ ಆಗುತ್ತಿದ್ದುದರಿಂದ ದೂರುಗಳು ಬರುತ್ತಿರಲಿಲ್ಲ. ಮುಂದೆ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿ, ಬರೆಯುವವರಿಗೆ ಬಹುಮಾನ ಕೊಟ್ಟು ಕನ್ನಡ ಬರೆಸಿತು. ಅಲ್ಲಿ ಬಹುಮಾನ ಪಡೆದ ಗಳಗನಾಥರು ಆಮೇಲೆ ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಓದುಗನ ಕೈಗೇ ರೊಕ್ಕ ಇಟ್ಟು ಓದಿಸುವ ಉಪಾಯ ಆ ಮಹಾನುಭಾವರಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಪುಸ್ತಕದ ಗಂಟಿನ ಜೊತೆ ಚಿಲ್ಲರೆಯ ಚೀಲವನ್ನೂ ಹೊರಬೇಕಾಗುತ್ತಿತ್ತು, ಪಾಪ.

ಅರ್ವಾಚೀನಕಾಂಡ

ಆಧುನಿಕ ಆಚಾರ್ಯಪರಂಪರೆ 2010ರಿಂದ. ಸತೋಷಿ ನಾಕಾಮೊಟೊ ಎಂಬ, ಮುಖ ತೋರಿಸದ ಋಷಿ 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಚಾಲೂ ಮಾಡಿದ ಮೇಲೆ, ಅದನ್ನು ಇಟ್ಟುಕೊಳ್ಳಲು ಜನವೇ ಇರಲಿಲ್ಲ. ಗ್ಯಾವಿನ್ ಆಂಡ್ರೆಸೆನ್ ಎಂಬ ತಂತ್ರಜ್ಞ ಬಂದವರಿಗೆಲ್ಲ ತಲಾ ಐದು ಬಿಟ್‌ಕಾಯಿನ್ ಪುಕ್ಕಟೆ ಸುರಿಯುವ ಒಂದು ನಲ್ಲಿಯನ್ನು ಜಾಲದಲ್ಲಿ ಕೂಡಿಸಿದ. ಐದು ಬಿಟ್‌ಕಾಯಿನ್! ಇಂದಿನ ಬೆಲೆಯಲ್ಲಿ ಅದು ಎಷ್ಟು ಎಕರೆ ಎರೆ ಹೊಲ ಎಂದು ಲೆಕ್ಕ ಹಾಕುತ್ತ ಅಣ್ಣಿಗೇರಿಯ ಒಬ್ಬ ತರುಣ ರಾತ್ರಿಯಿಡೀ ನಿದ್ದೆಗೆಟ್ಟದ್ದು ಪ್ರಬಂಧಕಾರನಿಗೆ ಗೊತ್ತು. ನಲ್ಲಿಯ ಕೆಳಗೆ ಕೊಡ ಇಟ್ಟವರು ಆಗ ಕಲಿತದ್ದು ಏನು? ನೋಡಿದ ಚಿತ್ರದ ಅಕ್ಷರಗಳನ್ನು ತಪ್ಪಿಲ್ಲದೆ ಟೈಪ್ ಮಾಡುವುದು.

2018ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾಯಿನ್‌ಬೇಸ್ ಕಂಪನಿ ಇದನ್ನು ಶಾಲೆಯ ರೂಪಕ್ಕೆ ತಂದಿತು: ಪಾಠ ನೋಡು, ಪರೀಕ್ಷೆ ಬರೆ, ನಾಣ್ಯ ತಗೊ. ಬೈನಾನ್ಸ್ ಮೊದಲಾದ ಕಂಪನಿಗಳೂ ಕಲಿ-ಗಳಿಸು ಎಂಬ ಬೋರ್ಡು ತೂಗುಹಾಕಿದವು. ಭಾರತದಲ್ಲಿ ಈ ಶಾಲೆಗೆ ಬಾಗಿಲು ತೆರೆಯಲು ತಡವಾಯಿತು. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್, ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳು ಕೈ ಜೋಡಿಸಬಾರದೆಂದು ಸುತ್ತೋಲೆ ಹೊರಡಿಸಿತು. ಅದೇ ವರ್ಷ ತುಮಕೂರಿನಲ್ಲಿ ಮೊಳೆತ ಯುನೊಕಾಯಿನ್ ಕಂಪನಿ ಬೆಂಗಳೂರಿನ ಮಾಲ್ ಒಂದರಲ್ಲಿ ಬಿಟ್‌ಕಾಯಿನ್ ಯಂತ್ರ ಇಟ್ಟಿತು. ಪೊಲೀಸರು ಬಂದು ಯಂತ್ರವನ್ನೇ ಹೊತ್ತುಕೊಂಡು ಹೋದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. 2021ರಲ್ಲಿ ಕ್ರಿಕೆಟ್ಟಿನ ಓವರುಗಳ ನಡುವೆ ಸಿನಿಮಾ ನಟರು ಬಂದು ಬಿಟ್‌ಕಾಯಿನ್ ತಗೊಂಡ್ರಾ ಎಂದು ಕೇಳತೊಡಗಿದರು. ಹೊಸದಾಗಿ ಸೇರಿದವರಿಗೆ ಐವತ್ತೋ ನೂರೋ ರೂಪಾಯಿಯ ನಾಣ್ಯ ಹಂಚುವ ಆ್ಯಪುಗಳು ನಮ್ಮಲ್ಲೂ ಹುಟ್ಟಿಕೊಂಡವು. ಅವುಗಳಲ್ಲಿ ಒಂದು, ಹೆಸರು ಬೇಡ, ಆ ದೀಪಾವಳಿಗೆ ಅಣ್ಣಿಗೇರಿ ತಲುಪಿತು.

ದೀಕ್ಷಾವಿಧಿ

ಸ್ಥಳ ಚಾದಂಗಡಿಯ ಕಟ್ಟೆ. ದೀಕ್ಷೆ ಪಡೆಯುವವರು ಒಬ್ಬ ಅಜ್ಜ. ದೀಕ್ಷಾಗುರು ಅವರ ಮೊಮ್ಮಗ, ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದುವವನು, ಅಜ್ಜನನ್ನು ಸೇರಿಸಿದ್ದಕ್ಕೆ ಅವನಿಗೂ ನೂರು ರೂಪಾಯಿ ಉಂಟು. ಪ್ಯಾನ್ ಕಾರ್ಡು ಬ್ಯಾಂಕಿನವರು ಸಾಲಕ್ಕೆಂದು ಮಾಡಿಸಿದ್ದು ಇತ್ತು. ಆಧಾರ್ ಇತ್ತು. ಉಳಿದದ್ದು ಮುಖ.

ಮೊದಲ ಸಲ ಆ್ಯಪು ಬೆಳಕು ಸಾಲದು ಎಂದಿತು. ಅಜ್ಜ ಕಟ್ಟೆಯ ಅಂಚಿಗೆ ಸರಿದರು. ಎರಡನೆಯ ಸಲ ಬೆಳಕು ಹೆಚ್ಚಾಯಿತು ಎಂದಿತು. ಮೂರನೆಯ ಸಲ ತಲೆಯ ಮೇಲಿನ ಹೊದಿಕೆ ತೆಗೆಯಿರಿ ಎಂದಿತು.

"ಯಜ್ಜಾ, ಪಟಗಾ ತಗಿ ಅಂತೈತಿ."

"ಇದನ್ನ ಮಂದ್ಯಾಗ ತಗದಿದ್ದು ನಮ್ಮಪ್ಪ ತೀರ್ಕೊಂಡಾಗ. ಈಗ ಯಾರ್ ತೀರ್ಕೊಂಡಾರ?"

ಇದಕ್ಕೆ ಆ್ಯಪಿನಲ್ಲಿ ಉತ್ತರದ ವ್ಯವಸ್ಥೆ ಇರಲಿಲ್ಲ. ಕೊನೆಗೆ ಅಜ್ಜ ಪಟಗಾವನ್ನು ಎರಡು ಬೆರಳು ಹಿಂದಕ್ಕೆ ಸರಿಸಿದರು. ಆ್ಯಪೂ ತನ್ನ ಹಟವನ್ನು ಎರಡು ಬೆರಳು ಸಡಿಲಿಸಿತು. ಮುಂದಿನ ಅಪ್ಪಣೆ, ಜೀವಂತ ಇದ್ದೀರೆಂದು ತೋರಿಸಲು ಕಣ್ಣು ಮಿಟುಕಿಸಿ, ಎಂದು. ಅಜ್ಜ ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿದರು. "ಈ ವಯಸ್ಸಿನ್ಯಾಗ ಕಣ್ಣ ಹೊಡಿ ಅಂತದಲ್ಲಪಾ ಇದು," ಎಂದು, ಹೊಡೆದರು. ಕಟ್ಟೆಯ ಮೇಲಿದ್ದವರು ನಕ್ಕ ನಗುವಿಗೆ ಅಂಗಡಿಯವನು ಒಲೆಯ ಮುಂದಿನಿಂದ ಎದ್ದು ಬಂದ.

ಪರೀಕ್ಷೆ ಹೀಗಿತ್ತು. ಬ್ಲಾಕ್‌ಚೈನ್ ಎಂದರೇನು? ಮೂರು ಉತ್ತರಗಳಲ್ಲಿ ಒಂದನ್ನು ಆರಿಸಿ: ಒಂದು ಬಗೆಯ ಆಭರಣ, ಎಲ್ಲರೂ ಹಂಚಿಕೊಂಡ ಲೆಕ್ಕದ ಪುಸ್ತಕ, ಬ್ಯಾಂಕಿನ ಶಾಖೆ. ಅಜ್ಜ ಆಭರಣ ಎಂದರು; ಚೈನು ಎಂದ ಮೇಲೆ ಮತ್ತೇನು? ತಪ್ಪು, ಪರವಾಗಿಲ್ಲ, ಮತ್ತೆ ಪ್ರಯತ್ನಿಸಿ ಎಂದು ಆ್ಯಪು ನಕ್ಷತ್ರ ಉದುರಿಸಿತು. ಮೊಮ್ಮಗನಿಗೆ ಬಸ್ಸಿಗೆ ಹೊತ್ತಾಗಿತ್ತು.

"ನಡುವಿಂದು ಒತ್ತು ಯಜ್ಜಾ. ಎಲ್ಲಾದಕ್ಕೂ ನಡುವಿಂದ."

ಈ ಮಧ್ಯಮ ಮಾರ್ಗದಿಂದ ಮೂರು ಪ್ರಶ್ನೆಗೂ ಸರಿಯುತ್ತರ ಬಂತು. ತೆರೆಯ ಮೇಲೆ ಅಭಿನಂದನೆಗಳು, ನೀವೀಗ ಕ್ರಿಪ್ಟೊ ಸಾಕ್ಷರರು ಎಂದು ಮೂಡಿತು. ಅಜ್ಜನ ಖಾತೆಗೆ ಸಾವಿರ ಸತೋಷಿ ಬಂದು ಬಿತ್ತು. ಒಂದು ಬಿಟ್‌ಕಾಯಿನ್ನಿಗೆ ಹತ್ತು ಕೋಟಿ ಸತೋಷಿ. 2021ರ ನವೆಂಬರ್‌ನಲ್ಲಿ ಬಿಟ್‌ಕಾಯಿನ್ 69,000 ಡಾಲರಿನ ಹತ್ತಿರ ಹೋಗಿ, ರೂಪಾಯಿಯಲ್ಲಿ ಐವತ್ತು ಲಕ್ಷದ ಆಸುಪಾಸು ಇತ್ತು. ಸಾವಿರ ಎಂಬ ಅಂಕಿ ಕಂಡು ಅಜ್ಜನಿಗೆ ಸಂತೋಷವಾಯಿತು. ಐವತ್ತು ಎಂದು ಗೊತ್ತಾದ ಮೇಲೆ, ಅದನ್ನು ಈಗಲೇ ತೆಗೆದುಕೊಡು, ಎಲ್ಲರಿಗೂ ಮಿರ್ಚಿ, ಗಿರಮಿಟ್ ಹೇಳೋಣ ಎಂದರು. ಆಗ ತಿಳಿದದ್ದು, ಆ ಆ್ಯಪಿನಲ್ಲಿ ಕನಿಷ್ಠ ವ್ಯವಹಾರ ನೂರು ರೂಪಾಯಿ. ಐವತ್ತು ಹೊರಬರಬೇಕಾದರೆ ಇನ್ನೊಂದು ಐವತ್ತು ಒಳಗೆ ಹೋಗಬೇಕು.

ಅಜ್ಜ ಆ ಹೊತ್ತಿನಲ್ಲಿ ಕೇಳಿದ ಪ್ರಶ್ನೆಯನ್ನು ಪ್ರಬಂಧಕಾರ ಬರೆದಿಟ್ಟುಕೊಂಡಿದ್ದಾನೆ: "ಅಲ್ಲಾ, ಇದರಾಗ ರೊಕ್ಕಾ ಕೊಡಾಂವ ಯಾಂವ? ಅವಂಗೇನ ಬಂತು?"

ಅಜ್ಜನ ಪ್ರಶ್ನೆಗೆ ಭಾಷ್ಯ

ಪ್ರಶ್ನೆ ಚಿಕ್ಕದು, ಇಡೀ ಪಠ್ಯಕ್ರಮದಲ್ಲಿ ಇಲ್ಲದ್ದು. ಕೊಡುವವನು ಬಹಳ ಸಲ ಆ ನಾಣ್ಯವನ್ನು ಹೊರಡಿಸಿದವನೇ. ಹೊಸ ನಾಣ್ಯ ಟಂಕಿಸಿದ ಕಂಪನಿಯ ಉಗ್ರಾಣದಲ್ಲಿ ಅದು ರಾಶಿ ಬಿದ್ದಿರುತ್ತದೆ. ಅಲ್ಲಿ ಒಂದು ಹಿಡಿ ಹಂಚಿದರೆ ಅವನಿಗೆ ಕಳೆದುಕೊಳ್ಳುವುದು ಅಷ್ಟಕ್ಕಷ್ಟೇ. ನಾಣ್ಯ ಕೊಳ್ಳುವವರು ಇದ್ದಾರೆ ಎಂದು ಲೋಕಕ್ಕೆ ತೋರಬೇಕು, ಆ್ಯಪಿನವನಿಗೆ ಗುರುತು ಪರೀಕ್ಷೆ ಮುಗಿದ ಗಿರಾಕಿ ಬೇಕು. ಅಜ್ಜನ ಮುಖ, ಪ್ಯಾನು, ಪಾಸ್‌ಬುಕ್ಕು, ಒಂದು ಕಣ್ಣ ಹೊಡೆತ, ಇವೆಲ್ಲ ಸೇರಿ ಐವತ್ತು ರೂಪಾಯಿಗೆ ಆದ ಖರೀದಿ. ಎ.ಪಿ.ಎಂ.ಸಿ.ಯಲ್ಲಿ ಇಂಥ ರೇಟಿಗೆ ಯಾರೂ ಮಾಲು ಬಿಡುತ್ತಿರಲಿಲ್ಲ.

ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶ ಇದೇ ಪ್ರಯೋಗವನ್ನು ರಾಷ್ಟ್ರಮಟ್ಟದಲ್ಲಿ ಮಾಡಿತು. 2021ರ ಸೆಪ್ಟೆಂಬರ್ 7ರಂದು ಬಿಟ್‌ಕಾಯಿನ್ನನ್ನು ಕಾನೂನುಬದ್ಧ ಹಣ ಮಾಡಿ, ಚೀವೊ ಎಂಬ ಆ್ಯಪು ಇಳಿಸಿಕೊಂಡ ಪ್ರತಿ ಪ್ರಜೆಗೂ 30 ಡಾಲರ್ ಬಿಟ್‌ಕಾಯಿನ್ ಕೊಟ್ಟಿತು. ಅರ್ಥಶಾಸ್ತ್ರಜ್ಞರು ಆಮೇಲೆ ಹೋಗಿ ಮನೆಮನೆ ಕೇಳಿದಾಗ, ಇಳಿಸಿಕೊಂಡವರಲ್ಲಿ ಹೆಚ್ಚಿನವರು 30 ಡಾಲರ್ ಖರ್ಚು ಮಾಡಿದ ಮೇಲೆ ಆ್ಯಪಿನ ಕಡೆ ತಿರುಗಿಯೂ ನೋಡಿರಲಿಲ್ಲ. 2025ರ ಜನವರಿಯಲ್ಲಿ ಆ ದೇಶದ ಸಂಸತ್ತು ಅಂಗಡಿಯವರು ಬಿಟ್‌ಕಾಯಿನ್ ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆಯನ್ನು ಕೈಬಿಟ್ಟಿತು. ಬಹುಮಾನಕ್ಕೆ ಕಲಿತವನು ಬಹುಮಾನ ಎತ್ತುವುದನ್ನೇ ಕಲಿಯುತ್ತಾನೆ ಎಂಬುದಕ್ಕೆ ಒಂದು ದೇಶದ ಬೊಕ್ಕಸ ಕೊಟ್ಟ ಪುರಾವೆ ಇದು.

ಪೂರ್ವಪಕ್ಷ

ಪೂರ್ವಪಕ್ಷದವರು ದಡ್ಡರಲ್ಲ. ಅವರ ಬಲವಾದ ವಾದ ಅದೇ ಚಾದಂಗಡಿಯ ಗೋಡೆಯ ಮೇಲೆ, ಪ್ಲಾಸ್ಟಿಕ್ ಹಾಳೆಯಲ್ಲಿ, ಗಿರಮಿಟಿನ ಎಣ್ಣೆ ಸಿಡಿದು ಕುಳಿತಿದೆ: ಕ್ಯೂಆರ್ ಕೋಡು. ನೋಟು ರದ್ದತಿಯ ಬಳಿಕ, 2016ರ ಕೊನೆಯಲ್ಲಿ, ಸರಕಾರವೇ ಡಿಜಿಟಲ್ ಪಾವತಿ ಮಾಡಿದವರಿಗೆ ಲಾಟರಿ ಎತ್ತಿ ಬಹುಮಾನ ಕೊಟ್ಟಿತು. 2017ರಲ್ಲಿ ಭೀಮ್ ಆ್ಯಪಿಗೆ ಹೊಸಬರನ್ನು ಸೇರಿಸಿದವರಿಗೆ ಹತ್ತು ರೂಪಾಯಿ ಬಂತು. ಅದೇ ವರ್ಷ ಗೂಗಲ್ಲಿನ ತೇಜ್ ಬಂದು ಗೆಳೆಯರನ್ನು ಕರೆತಂದವರಿಗೆ 51 ರೂಪಾಯಿ ಕೊಟ್ಟಿತು. ಆಗಲೂ ಊರ ಹುಡುಗರು ಅಜ್ಜ, ಅಜ್ಜಿ, ಚಿಗವ್ವ ಎಲ್ಲರ ಮೊಬೈಲಿನಲ್ಲೂ ಬೆರಳಾಡಿಸಿದ್ದರು. ಇಂದು ಐವತ್ತೊಂದು ಎಲ್ಲೂ ಸಿಗುವುದಿಲ್ಲ, ಆದರೂ ಹತ್ತು ರೂಪಾಯಿಯ ಚಾಕ್ಕೆ ಜನ ಮೊಬೈಲು ತೋರಿಸುತ್ತಾರೆ, ಡಬ್ಬಿ ಕನ್ನಡದಲ್ಲಿ ರೊಕ್ಕ ಬಂತೆಂದು ಕೂಗುತ್ತದೆ. ಹಾಗಾದರೆ ಚಿಲ್ಲರೆ ಕಾಸಿನ ಆಸೆ ಕಲಿಸಲಿಲ್ಲವೇ?

ಕಲಿಸಿತು. ಒಪ್ಪಲೇಬೇಕು. ಬಹುಮಾನ ಮುಗಿದ ಮರುದಿನವೂ ಚಾ ಕುಡಿಯುವುದಿತ್ತು, ಬಸ್ಸು ಹತ್ತುವುದಿತ್ತು, ಗೊಬ್ಬರ ತರುವುದಿತ್ತು; ಕಲಿತ ಬೆರಳಿಗೆ ಕೆಲಸ ಇತ್ತು. ಅಜ್ಜನ ಸಾವಿರ ಸತೋಷಿಗೆ ಅಣ್ಣಿಗೇರಿಯಲ್ಲಿ ಇರುವ ಕೆಲಸ ಒಂದೇ: ತನಗಿಂತ ಹೆಚ್ಚು ಕೊಡುವ ಇನ್ನೊಬ್ಬ ಬರುವವರೆಗೆ ಕಾಯುವುದು. ಆ ಇನ್ನೊಬ್ಬ ಎಲ್ಲಿಂದ ಬರಬೇಕು? ಅದಕ್ಕೇ ಗೆಳೆಯರನ್ನು ಸೇರಿಸಿದರೆ ನೂರು ರೂಪಾಯಿ.

ಬಿಸಿಯೂಟವನ್ನು ಎಳೆದು ತರುವ ಇನ್ನೊಂದು ಪೂರ್ವಪಕ್ಷವೂ ಇದೆ; ಶಾಲೆಗೆ ಮಕ್ಕಳನ್ನು ಊಟ ಕರೆತರಲಿಲ್ಲವೇ ಎಂದು. ಊಟ ಮಾಡಿದ ಮಗು ಅನ್ನವನ್ನು ಇನ್ನೊಬ್ಬನಿಗೆ ಮಾರಿ ಲಾಭ ಮಾಡಬೇಕೆಂದು ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ. ಮುಂದಕ್ಕೆ ಹೋಗೋಣ.

ಸಿದ್ಧಾಂತಿಯ ಚಿಂತೆ ಬೇರೆ ಕಡೆ ಇದೆ. ಮೊಬೈಲಿಗೆ ಒಂದು ಸಂದೇಶ ಬರುತ್ತದೆ: ಮನೆಯಲ್ಲೇ ಕೂತು ವಿಡಿಯೊ ಲೈಕ್ ಮಾಡಿ, ಒಂದಕ್ಕೆ ಐವತ್ತು ರೂಪಾಯಿ. ಮಾಡಿದರೆ ರೊಕ್ಕ ನಿಜವಾಗಿಯೂ ಬರುತ್ತದೆ, ಮರುದಿನವೂ ಬರುತ್ತದೆ. ಮೂರನೆಯ ದಿನ ಟೆಲಿಗ್ರಾಮ್ ಗುಂಪಿಗೆ ಸೇರಿಸಿ, ಇನ್ನೂ ದೊಡ್ಡ ಕೆಲಸ ಇದೆ, ಸ್ವಲ್ಪ ಕ್ರಿಪ್ಟೊದಲ್ಲಿ ಹಾಕಿ ಎನ್ನುತ್ತಾರೆ. ತೆರೆಯ ಮೇಲೆ ಲಾಭ ಬೆಳೆಯುತ್ತದೆ. ತೆಗೆಯಲು ಹೋದರೆ ಮೊದಲು ತೆರಿಗೆ ಕಟ್ಟಿ ಎನ್ನುತ್ತಾರೆ. ಮನೆಯ ಬಂಗಾರ ಅಡವಿಟ್ಟ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಹೋಗುತ್ತದೆ. ಸೈಬರ್ ಪೊಲೀಸರ ಕಡತಗಳಲ್ಲಿ ಇದು ಹಳೆಯ ರಾಗ. ವಂಚಕನ ಶಾಲೆಯ ಮೊದಲ ಅಧ್ಯಾಯ ಮತ್ತು ಕಲಿ-ಗಳಿಸು ಶಾಲೆಯ ಮೊದಲ ಅಧ್ಯಾಯ ಎರಡನ್ನೂ ಪಕ್ಕಪಕ್ಕ ಇಟ್ಟು ಪಾಠಾಂತರ ಗುರುತಿಸಲು ಪ್ರಬಂಧಕಾರ ಪ್ರಯತ್ನಿಸಿದ. ಹೇಳಿದಲ್ಲಿ ಒತ್ತು, ರೊಕ್ಕ ಬರುತ್ತದೆ: ಇಷ್ಟರಮಟ್ಟಿಗೆ ಎರಡೂ ಹಸ್ತಪ್ರತಿಗಳು ಒಂದೇ ಮೂಲದಿಂದ ನಕಲಾದಂತಿವೆ. ಕಲಿ-ಗಳಿಸು ಶಾಲೆಯವರು ಮೋಸಗಾರರೆಂದು ಇದರ ಅರ್ಥ ಅಲ್ಲ. ವಂಚಕನ ಶಾಲೆಗೆ ಬೇಕಾದ ಬಾಲವಾಡಿಯನ್ನು ಅವರು ಪುಕ್ಕಟೆ ನಡೆಸುತ್ತಿದ್ದಾರೆ.

ಬಿಟ್ಟುಹೋದ ಅಧ್ಯಾಯ

ಪಠ್ಯದಲ್ಲಿ ಇಲ್ಲದ್ದೂ ಸಾಕಷ್ಟಿದೆ. ನಾಣ್ಯದ ಬೀಗದಕೈ ಆ್ಯಪಿನವನ ಹತ್ತಿರವೇ ಇದ್ದರೆ ಕಳ್ಳ ಅವನ ಮನೆಗೆ ನುಗ್ಗಿದರೆ ಸಾಕು. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಕ್ರಿಪ್ಟೊ ವ್ಯವಹಾರದ ಕಂಪನಿಯಿಂದ 23 ಕೋಟಿ ಡಾಲರಿಗೂ ಹೆಚ್ಚು ಹೀಗೇ ಹೋಯಿತು. ಕ್ರಿಪ್ಟೊ ಜಾಹೀರಾತಿನಲ್ಲಿ ಇದು ಯಾರ ನಿಯಂತ್ರಣಕ್ಕೂ ಒಳಪಡದ್ದು, ಬಹಳ ಅಪಾಯದ್ದು, ಕಳೆದರೆ ಕೇಳುವವರಿಲ್ಲ ಎಂಬ ಎಚ್ಚರಿಕೆ ಇರಲೇಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2022ರ ಏಪ್ರಿಲ್ 1ರಿಂದ ನಿಯಮ ತಂದಿತು. ಪರೀಕ್ಷೆಯಲ್ಲಿ ಆ ಸಾಲಿನ ಮೇಲೆ ಪ್ರಶ್ನೆ ಕೇಳಿ ಅದಕ್ಕೂ ಐವತ್ತು ಕೊಟ್ಟಿದ್ದರೆ ಪಂಪನ ಕರ್ಣ ಒಮ್ಮೆಯಾದರೂ ರಂಗಕ್ಕೆ ಬರುತ್ತಿದ್ದ.

ಆದರೆ ಅಜ್ಜನ ಪಾಲಿಗೆ ಮುಖ್ಯವಾದದ್ದು ತೆರಿಗೆಯ ಅಧ್ಯಾಯ. 2022ರ ನವೆಂಬರ್‌ನಲ್ಲಿ ಬಿಟ್‌ಕಾಯಿನ್ 17,000 ಡಾಲರಿಗಿಂತ ಕೆಳಗಿಳಿದಾಗ ಅವರ ಸಾವಿರ ಸತೋಷಿಗೆ ಹದಿನಾಲ್ಕು ರೂಪಾಯಿಯೂ ಬರುತ್ತಿರಲಿಲ್ಲ. ಅಜ್ಜನಿಗೆ ಅದರ ನೆನಪೂ ಇರಲಿಲ್ಲ, ಹೆಸರು ಬಿಡಿಸುವ ಚಿಂತೆ ಮುಗಿದು ಕಡಲೆಯ ಚಿಂತೆ ನಡೆದಿತ್ತು. 2024ರ ಡಿಸೆಂಬರ್‌ನಲ್ಲಿ ಬಿಟ್‌ಕಾಯಿನ್ ಲಕ್ಷ ಡಾಲರ್ ದಾಟಿತು. ಅದೇ ಸಾವಿರ ಸತೋಷಿಗೆ ಈಗ ಸುಮಾರು 85 ರೂಪಾಯಿ. ಮೊಮ್ಮಗ ತನ್ನ ಪಾಲಿನ ಚೂರನ್ನು ಸೇರಿಸಿ ನೂರರ ಗಡಿ ದಾಟಿಸಿ ಮಾರಿದ. ಅಜ್ಜನ ಪಾಲು ಎಂಬತ್ತೈದು ಕೈಗೆ ಬಂತು. ಗಿರಮಿಟ್ ಆಯಿತು, ಚಾ ಆಯಿತು.

ಆಮೇಲೆ ಯಾರೋ ಹೆದರಿಸಿದರೆಂದು ಇಬ್ಬರೂ ಹುಬ್ಬಳ್ಳಿಯ ಒಬ್ಬ ಆಡಿಟರ್ ಹತ್ತಿರ ಹೋದರು. ಆಡಿಟರ್ ಕನ್ನಡಕ ಏರಿಸಿ ಹೇಳಿದ್ದರ ಸಾರ: ಅಜ್ಜನ ಉತ್ಪನ್ನವೆಲ್ಲ ಹೊಲದ್ದು, ಅದಕ್ಕೆ ಆದಾಯ ತೆರಿಗೆ ಇಲ್ಲ; ಐವತ್ತು ವರ್ಷ ದುಡಿದರೂ ಈ ಕಚೇರಿ ಹತ್ತುವ ಪ್ರಸಂಗ ಬಂದಿರಲಿಲ್ಲ. ಕ್ರಿಪ್ಟೊ ಲಾಭಕ್ಕೆ ಮಾತ್ರ 2022ರ ಏಪ್ರಿಲ್‌ನಿಂದ ನೇರ 30 ಪರ್ಸೆಂಟ್. ಇಷ್ಟರವರೆಗೆ ಮಾಫಿ ಎಂಬ ಮಿತಿ ಅಲ್ಲಿ ನಡೆಯುವುದಿಲ್ಲ. ಒಂದರಲ್ಲಿ ಕಳೆದದ್ದನ್ನು ಇನ್ನೊಂದರಲ್ಲಿ ಗಳಿಸಿದ್ದರ ಜೊತೆ ವಜಾ ಮಾಡುವ ಹಾಗೂ ಇಲ್ಲ. ಪುಕ್ಕಟೆ ಬಂದದ್ದರಿಂದ ಖರೀದಿ ಬೆಲೆ ಸೊನ್ನೆ ಎಂದು ಹಿಡಿದರೆ ಎಂಬತ್ತೈದೂ ಲಾಭ. ಆದಾಯವನ್ನು ಹತ್ತರ ಲೆಕ್ಕಕ್ಕೆ ಸರಿಮಾಡಬೇಕು, ಹಾಗಾಗಿ 90. ಅದಕ್ಕೆ ತೆರಿಗೆ 27 ರೂಪಾಯಿ, ಮೇಲೆ 4 ಪರ್ಸೆಂಟ್ ಸೆಸ್ಸು, ಒಟ್ಟು 28 ರೂಪಾಯಿ 8 ಪೈಸೆ. ತೆರಿಗೆಯನ್ನೂ ಹತ್ತರ ಲೆಕ್ಕಕ್ಕೆ ಸರಿಮಾಡಬೇಕು, ಹಾಗಾಗಿ 30. ರಿಟರ್ನ್ ಹಾಕುವುದಾದರೆ ಸಾದಾ ಫಾರ್ಮಿನಲ್ಲಿ ಇದಕ್ಕೆ ಜಾಗ ಇಲ್ಲ; ಎರಡನೆಯ ನಂಬರಿನ ದೊಡ್ಡ ಫಾರ್ಮು, ಅದರಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಕೋಷ್ಟಕ, ಕೊಂಡ ತಾರೀಖು, ಮಾರಿದ ತಾರೀಖು ಸಮೇತ.

ಅಜ್ಜ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು. "ನಿಮ್ಮ ಫೀ ಎಷ್ಟ್ರೀ?"

"ನಿಮ್ಮ ಕಡೆ ಏನ್ ಇಸ್ಕೊಳ್ಳೂದ್ರಿ ಅಜ್ಜಾರ. ಐದನೂರು ಕೊಡ್ರಿ."

ಮೊಮ್ಮಗ ನಡುವೆ ಬಾಯಿ ಹಾಕಿದ. "ಯಜ್ಜಾ, ಐದು ಮಂದಿನ್ನ ಆ್ಯಪಿಗೆ ಸೇರಿಸಿದ್ರ ಐದನೂರು ಬರ್ತೈತಿ. ಫೀ ಮುಟ್ಟಿ ಹೋಗ್ತದ."

ಅಜ್ಜ ಪಟಗಾ ನೆಟ್ಟಗೆ ಮಾಡಿಕೊಂಡು, ಮೊಮ್ಮಗನ ಕೈಯಿಂದ ಮೊಬೈಲು ತೆಗೆದುಕೊಂಡು ಆಡಿಟರನ ಮುಖದ ಮುಂದೆ ಹಿಡಿದರು.

"ಹಂಗಾರ ಮೊದಲನೇದಾವ್ರು ನೀವ ಆಗ್ರಿ, ಸಾಹೇಬ್ರ. ಪ್ಯಾನ್ ಕಾರ್ಡ್ ಐತಲ್ರೀ? ಒಂದಿಷ್ಟ ಬೆಳಕಿಗೆ ಬರ್ರಿ, ಕಣ್ಣ ಹೊಡಿಬೇಕಾಕ್ಕೈತಿ."